ಈಜುಕೊಳದ ನಲವತ್ತೇಳನೇ ಮನೆ

ವೈಟ್‌ಫೀಲ್ಡ್ ದಾಟಿದ ಮೇಲೆ ಸಿಗುವ ಗ್ರೀನ್ ಹೆರಾನ್ ರೆಸಿಡೆನ್ಸಿಯಲ್ಲಿ ಎರಡು ಗೋಪುರ, ನೂರಾ ಹನ್ನೆರಡು ಫ್ಲ್ಯಾಟು ಮತ್ತು ಒಂದು ಈಜುಕೊಳ ಇವೆ. ಹೆರಾನ್ ಎಂಬ ಹಕ್ಕಿ ಇಲ್ಲ. ಈಜುಕೊಳದೊಳಗೆ, ನೀರು ಸೊಂಟದ ಮಟ್ಟ ಬರುವ ತುದಿಯಲ್ಲಿ, ಒಂದು ಮನೆ ಇದೆಯೆಂಬ ಸಂಗತಿ ಈ ಬೇಸಿಗೆಯ ಒಂದು ಮಂಗಳವಾರ ಮಧ್ಯಾಹ್ನ ಮೂರೂ ಮುಕ್ಕಾಲರವರೆಗೆ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಕಂಡುಹಿಡಿದವರು ಶಾಂತಿ ಟೀಚರ್. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಹೇಳುವ ಇವರು ಗಣತಿಯ ಮನೆಪಟ್ಟಿ ಮಾಡಲು ಬಂದಿದ್ದರು. ಹಿಂದಿನ ಗಣತಿಯಲ್ಲಿ ಇದೇ ಜಾಗದ ನಕ್ಷೆಯನ್ನು ಅವರೇ ಪೆನ್ಸಿಲ್ಲಿನಿಂದ ಬರೆದಿದ್ದರು. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ, ಉಳಿದದ್ದೆಲ್ಲ ರಾಗಿ ಹೊಲ. ಈ ಸಲ ನಕ್ಷೆ ಮೊಬೈಲಿನ ಗಣತಿ ಆ್ಯಪ್‌ನಲ್ಲಿ ಮೇಲಿನಿಂದಲೇ ಬಂದಿತ್ತು. ಉಪಗ್ರಹ ತೆಗೆದ ಚಿತ್ರದಲ್ಲಿ ಕಂಡ ಪ್ರತಿ ಚಾವಣಿಯ ಸುತ್ತ ಒಂದು ಹಳದಿ ಗೆರೆ, ಗೆರೆಯೊಳಗೆ ಒಂದು ಸಂಖ್ಯೆ. ಗಣತಿದಾರರು ಆ ಜಾಗಕ್ಕೆ ಹೋಗಿ ನಿಂತು ವಿವರ ತುಂಬಿದರೆ ಹಳದಿ ಹಸಿರಾಗುತ್ತದೆ. ಹೊಸದಾಗಿ ಎದ್ದ ಕಟ್ಟಡವನ್ನು ಸೇರಿಸುವುದು ಸುಲಭ. ಚಿತ್ರದಲ್ಲಿದ್ದು ನೆಲದ ಮೇಲೆ ಇಲ್ಲದಿರುವುದನ್ನು ಅಳಿಸುವುದು ಮಾತ್ರ ಕಷ್ಟ. ಪೆನ್ಸಿಲ್ ಕಾಲದಲ್ಲಿ ಇದು ಉಲ್ಟಾ ಇತ್ತು.

"ಸಾರ್, ಇಲ್ಲೊಂದು ಮನೆ ಇದೆ," ಎಂದರು ಶಾಂತಿ ಟೀಚರ್.

"ಎಲ್ಲಿ ಮೇಡಂ?" ಎಂದರು ನಿವಾಸಿಗಳ ಸಂಘದ ಅಧ್ಯಕ್ಷ ಶೇಖರಪ್ಪ.

"ನೀರಲ್ಲಿ."

ಶೇಖರಪ್ಪ ದಾವಣಗೆರೆ ಕಡೆಯವರು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಬೋಲ್ಟುಗಳ ಅಳತೆ ಪರೀಕ್ಷಿಸಿ ನಿವೃತ್ತರಾದವರು. ಕೂದಲೆಳೆಯಷ್ಟು ದಪ್ಪ ಜಾಸ್ತಿಯಿದ್ದ ಬೋಲ್ಟನ್ನೂ ಅವರು ಪಾಸು ಮಾಡಿದ್ದಿಲ್ಲ. ಸಂಘದ ಇಪ್ಪತ್ಮೂರು ನಿಯಮಗಳನ್ನು ಬರೆದವರೂ ಅವರೇ. ಅಂಥವರು ಹೋದ ವರ್ಷ, ಅಧ್ಯಕ್ಷಗಿರಿಯ ಹುರುಪಿನಲ್ಲಿ, ಮಂಜೂರಾದ ನಕ್ಷೆಯಲ್ಲಿ 'ಉದ್ಯಾನ' ಎಂದಿದ್ದ ಜಾಗದಿಂದ ನಾಲ್ಕು ಅಡಿ ಕಿತ್ತು, ಈಜುಕೊಳಕ್ಕೆ ತಾಗಿದಂತೆ ಮಕ್ಕಳಿಗೊಂದು ಪುಟ್ಟ ಕೊಳ ಮಾಡಿಸಿದ್ದರು. ಯಾರೂ ಕೇಳಿರಲಿಲ್ಲ. ಕೇಳದಿದ್ದದ್ದೇ ಅವರನ್ನು ಒಳಗೊಳಗೆ ಕೊರೆಯುತ್ತಿತ್ತು.

"ಗಣತಿ ಅಂದ್ರೆ ಜನನ್ನ ಎಣಿಸ್ಬೇಕು ಮೇಡಂ. ನೀರು ಯಾಕೆ ನೋಡ್ತೀರಿ?"

"ಫೋಟೋದಲ್ಲಿ ಬಂದಿದೆ ಸಾರ್. ಉಪಗ್ರಹ ತೆಗೆದಿರೋದು."

"ಎಲ್ಲಾ ಕಾಣ್ತದಾ ಅದ್ರಲ್ಲಿ?"

"ಎಲ್ಲಾ ಕಾಣುತ್ತೆ ಸಾರ್."

"ಅಳತೆ?"

"ಅಳತೆನೂ."

ಶೇಖರಪ್ಪ ಕೂಡಲೇ ಆರನೇ ಮಹಡಿಯ ತಮ್ಮ ಮನೆಗೆ ಫೋನು ಮಾಡಿ, ಟೀಚರಿಗೆ ಉಪ್ಪಿಟ್ಟು ಮಾಡು, ಗೋಡಂಬಿ ಹಾಕು ಎಂದು ಹೆಂಡತಿ ಮಹಾದೇವಿಗೆ ಹೇಳಿದರು. ಸೆಕ್ಯುರಿಟಿಯವನಿಗೂ ಕೊಡದ ಕುರ್ಚಿಯನ್ನು ತಾವೇ ಎತ್ತಿ ತಂದು ಹಾಕಿದರು. "ಈ ಆವರಣದಲ್ಲಿ ಫ್ಲ್ಯಾಟಿನೋರು ಬಿಟ್ರೆ ಬೇರೆ ಯಾರೂ ವಾಸ ಇಲ್ಲ ಮೇಡಂ. ಬೇಸ್‌ಮೆಂಟಿನಲ್ಲಿ ಯಾರೂ ಇಲ್ಲ, ತಾರಸಿ ಮೇಲೆ ಯಾರೂ ಇಲ್ಲ, ನೀರಲ್ಲಂತೂ ಇಲ್ಲವೇ ಇಲ್ಲ. ಬೇಕಾದ್ರೆ ಅಮರಪ್ಪನ್ನ ಕೇಳ್ರಿ. ಕಟ್ಟಡ ಕಟ್ಟೋವಾಗಿಂದ ಇದ್ದೋನು."

ಅಮರಪ್ಪ ಉದ್ದ ಕೋಲಿನ ಬಲೆಯಲ್ಲಿ ನೀರಿನ ಮೇಲಿನ ಎಲೆ ತೆಗೆಯುತ್ತಿದ್ದ. ಕುಷ್ಟಗಿ ತಾಲ್ಲೂಕಿನವನು, ಐವತ್ತರ ಆಸುಪಾಸು. ಮೊದಲು ಇದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತ, ಆಮೇಲೆ ಗುತ್ತಿಗೆದಾರರ ಕಬ್ಬಿಣ ಸಿಮೆಂಟು ಕಾದ, ಈಗ ಪಂಪು ನೋಡಿಕೊಳ್ಳುತ್ತಾನೆ. ಅವನು ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡು ಟೀಚರ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದ.

ಪರದೆಯ ಮೇಲೆ ಕೆಂಪು ಮಣ್ಣಿನ ಬಯಲು. ಎ ಗೋಪುರ ಅರ್ಧ ಎದ್ದಿತ್ತು, ಬಿ ಗೋಪುರ ಇನ್ನೂ ಒಂದು ಗುಂಡಿ. ನಡುವೆ ಒಂದು ನೀಲಿ ತಗಡಿನ ಚಾವಣಿ, ಚಾವಣಿಯ ಮೇಲೆ ಅಡ್ಡಲಾಗಿ ಒಂದು ಕೆಂಪು ಪಟ್ಟಿ. ಗೆರೆಯೊಳಗೆ 47.

ಅವನು ಪರದೆಯನ್ನು ಕಣ್ಣಿನ ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡಿದ.

"ಅಕ್ಕಾರ, ಇದು ನಮ್ಮ ಮನಿರಿ," ಎಂದ ಕೊನೆಗೆ.

ಶಾಂತಿ ಟೀಚರ್ ಬೆಳಿಗ್ಗೆಯಿಂದ ಅರವತ್ತು ಬಾಗಿಲು ತಟ್ಟಿದ್ದರು. ಆ್ಯಪ್‌ನಲ್ಲಿ ಮುಂದಿನ ಪ್ರಶ್ನೆ ಏನಿತ್ತೋ ಅದನ್ನೇ ಅಭ್ಯಾಸಬಲದಿಂದ ಕೇಳಿದರು. "ಮನೇಲಿ ಯಾರಾದ್ರೂ ಇದಾರಾ?"

"ಇಲ್ರಿ," ಎಂದ ಅಮರಪ್ಪ. ಅವನ ಕೈ ತಾನಾಗಿ ಸೊಂಟದ ಉಡಿದಾರಕ್ಕೆ ಹೋಯಿತು. ಅಲ್ಲೊಂದು ಸಣ್ಣ ಕೀಲಿಕೈ ಕಟ್ಟಿತ್ತು. "ಕೀಲಿ ಹಾಕೇತ್ರಿ."

ಈ ಉತ್ತರಕ್ಕೆ ನಗಬೇಕಿತ್ತು. ಆದರೆ ಟೀಚರಿಗೆ ಬೇರೆ ದಾರಿ ಇರಲಿಲ್ಲ. 'ಕಟ್ಟಡ ಈಗ ಇಲ್ಲ' ಎಂದು ಒತ್ತಬೇಕಾದರೆ ಆ ಜಾಗದಿಂದ ಹತ್ತು ಮೀಟರಿನೊಳಗೆ ನಿಂತಿರಬೇಕು. ಅವರು ಕೊಳದ ಅಂಚಿನಲ್ಲೇ ನಿಂತಿದ್ದರೂ, ಎರಡು ಗೋಪುರಗಳ ಗೋಡೆಗೆ ಬಡಿದು ಬರುವ ಸಂಕೇತವನ್ನು ನಂಬಿದ ಮೊಬೈಲು, ನೀವು ರಸ್ತೆಯಾಚೆಯ ಬೇಕರಿಯಲ್ಲಿದ್ದೀರಿ ಎಂದು ಹೇಳುತ್ತಿತ್ತು. ಕೊಳದ ನಾಲ್ಕೂ ಮೂಲೆಗೆ ಹೋಗಿ ನೋಡಿದರು. ಒಂದು ಮೂಲೆಯಲ್ಲಿ ಬೇಕರಿ, ಇನ್ನೊಂದರಲ್ಲಿ ಕಾಂಪೌಂಡು, ಮತ್ತೊಂದರಲ್ಲಿ ಮತ್ತೆ ಬೇಕರಿ.

"ಸದ್ಯಕ್ಕೆ ಬೀಗ ಅಂತಾನೇ ಹಾಕಿರ್ತೀನಿ. ನಾಡಿದ್ದು ಬಂದು ನೋಡೋಣ," ಎಂದು ಒತ್ತಿದರು. ಆ್ಯಪ್ ಒಪ್ಪಿಕೊಂಡಿತು. ಬೀಗ ಹಾಕಿದ ಮನೆಗೆ ಮತ್ತೆ ಭೇಟಿ ನೀಡಿ ಎಂದು ನೆನಪೂ ಮಾಡಿತು.

ಉಪ್ಪಿಟ್ಟಿನಲ್ಲಿ ಗೋಡಂಬಿ ಇದ್ದವು.

ಬುಧವಾರ ಸಂಜೆ ಆರಕ್ಕೆ ಸಂಘದ ತುರ್ತು ಸಭೆ ಸೇರಿತು. ಕಾರ್ಯಸೂಚಿಯಲ್ಲಿ ಇದ್ದದ್ದು ಒಂದೇ ವಿಷಯ: 'ಆಕಾಶದಿಂದ ವೀಕ್ಷಣೆ'. ಸಂಘದ ಕಾರ್ಯದರ್ಶಿ ಮಲ್ಲಿಕ್ ಮಾರತ್ತಹಳ್ಳಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವನು. ಅವನ ಕೆಲಸಕ್ಕೂ ಉಪಗ್ರಹಕ್ಕೂ ಸಂಬಂಧವಿಲ್ಲದಿದ್ದರೂ ಸಭೆಯಲ್ಲಿ ಅವನೇ ತಜ್ಞ.

"ಅಂಕಲ್, ಝೂಮ್ ಮಾಡಿದ್ರೆ ಟೈಲ್ಸ್ ಸಂದೂ ಕಾಣುತ್ತೆ," ಎಂದ.

"ಮಕ್ಕಳ ಕೊಳ?"

"ಮಕ್ಕಳೇ ಕಾಣ್ತಾರೆ."

"ಹಂಗಾದ್ರೆ ಮನೆ ಅನ್ನೋದು ನೆಪ," ಎಂದರು ಶೇಖರಪ್ಪ. "ನಾನು ಇನ್‌ಸ್ಪೆಕ್ಷನ್‌ನಲ್ಲಿದ್ದೋನು. ಬೋಲ್ಟ್ ನೋಡೋಕೆ ಹೋದಾಗ ಬೋಲ್ಟ್ ನೋಡ್ತೀನಿ ಅಂತ ಹೇಳ್ತಿರಲಿಲ್ಲ. ಟೀ ಕುಡಿಯೋಕೆ ಬಂದೆ ಅಂತಿದ್ದೆ."

"ಮುಚ್ಬಿಡೋಣ ಅಂಕಲ್. ಎರಡೂ ಕೊಳ ಸೇರಿಸಿ ಟಾರ್ಪಾಲು ಎಳೆದ್ಬಿಟ್ರೆ ಗಣತಿ ಮುಗಿಯೋವರೆಗೂ ಟೆನ್ಶನ್ ಇರಲ್ಲ."

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮಹಾದೇವಿ, "ಮ್ಯಾಲಿಂದ ಮುಚ್ಚಿದ್ರೆ ಆತೇನ್ರೀ? ಟೀಚರು ಕೆಳಗಿಂದ ನಡಕೊಂಡು ಬರ್ತಾಳಲ್ಲ," ಎಂದರು. ಇದು ನಡಾವಳಿಯಲ್ಲಿ ದಾಖಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಅಮರಪ್ಪನೇ ಟಾರ್ಪಾಲಿನ ನಾಲ್ಕು ಮೂಲೆ ಎಳೆದು ಕಟ್ಟಿದ. ಅಂಗಡಿಯಲ್ಲಿ ಇದ್ದದ್ದು ನೀಲಿ ಬಣ್ಣದ್ದು ಮಾತ್ರ. ಆರನೇ ಮಹಡಿಯಿಂದ ಕೆಳಗೆ ನೋಡಿದ ಮಹಾದೇವಿ, "ಅಯ್ಯ, ಥೇಟ್ ತಗಡಿನ ಶೆಡ್ ಕಂಡಂಗೆ ಕಾಣ್ತದಲ್ರೀ," ಎಂದರು. ಶೇಖರಪ್ಪ ಇಣುಕಿದರು. ಮೇಲಿನಿಂದ ಕಾಣಬಾರದೆಂದು ಮಾಡಿದ್ದು ಈಗ ಮೇಲಿನಿಂದ ಮನೆಯ ಹಾಗೆಯೇ ಕಾಣುತ್ತಿತ್ತು. ಒಂದು ಮನೆ ಇಲ್ಲವೆಂದು ತೋರಿಸಲು ಹೊರಟ ಸಂಘ ಎರಡು ದಿನದಲ್ಲಿ ಅದನ್ನು ಮರಳಿ ಕಟ್ಟಿತ್ತು.

ಟೀಚರ್ ಬಂದಾಗ ಅಮರಪ್ಪ ಟಾರ್ಪಾಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ.

"ಅಕ್ಕಾರ, ಇನ್ನೊಮ್ಮಿ ತೋರಸ್ರಿ."

ಅವರು ತೋರಿಸಿದರು.

"ಈ ಕೆಂಪಂದು ಐತಲ್ರಿ, ಚನ್ನಕ್ಕನ ಸೀರಿರಿ ಅದು. ನನ್ನ ಹೇಣ್ತಿ. ಸಂಡಗಿ ಹಾಕ್ಯಾಳ. ಬ್ಯಾಸಿಗಿ ಬಂತಂದ್ರ ನಮ್ಮ ಕಡಿ ಹೆಣ್ಮಕ್ಕಳು ಸುಮ್ಮನ ಕುಂದ್ರೂದಿಲ್ರಿ. ಇಲ್ಲಿ ಅಂಗಳ ಇಲ್ಲಲ್ಲ, ಅದಕ್ಕ ತಗಡಿನ ಮ್ಯಾಲ ಹಾಸೂದು. ಬೆಂಗ್ಳೂರು ತಗಡು ಚಲೋ ಕಾಯ್ತೈತಿ, ಒಂದ ದಿನದಾಗ ಒಣಗ್ತಾವು ಅಂತಿದ್ಲು."

"ಅವ್ರು ಕಾಣಲ್ಲ ಅಲ್ವಾ?"

"ತಗಡಿನ ಕೆಳಗ ಅದಾಳ್ರಿ. ಬಾಗಲದಾಗ ಕುಂತು ಕಾಗಿ ಕಾಯ್ತಿರತಾಳ. ಸೀರಿ ಮ್ಯಾಲ ಐತಿ ಅಂದಮ್ಯಾಲ ಅಕಿ ಕೆಳಗ ಇರಬೇಕಲ್ರಿ."

"ಈಗ ಎಲ್ಲಿದ್ದಾರೆ?"

"ಊರಾಗ್ರಿ."

ಇದು ಸುಳ್ಳಲ್ಲ. ಅವನ ಊರಿನ ಹೊಲದ ಬದುವಿನಲ್ಲಿ ಆಕೆಯನ್ನು ಮಣ್ಣು ಮಾಡಿ ನಾಲ್ಕು ವರ್ಷ ಕಳೆದಿತ್ತು. ಆ ಮಾತು ಅವನೇ ಹೇಳಿದ, ಆದರೆ ಬೇರೆ ಯಾರದೋ ಸುದ್ದಿ ಹೇಳುವವನಂತೆ ನೀರು ಮುಚ್ಚಿದ ನೀಲಿಯನ್ನು ನೋಡುತ್ತ.

ಇಲ್ಲಿ ಕೆಲವು ತಾರೀಖುಗಳನ್ನು ನೋಡಬೇಕು. ಚನ್ನಕ್ಕನನ್ನು ಗಣತಿ ಕೊನೆಯದಾಗಿ ಎಣಿಸಿದ್ದು 2011ರಲ್ಲಿ, ಊರಿನಲ್ಲಿ. ಬೆಂಗಳೂರಿಗೆ ಬಂದದ್ದು 2016ರಲ್ಲಿ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. 2022ರಲ್ಲಿ ಆಕೆ ತೀರಿಕೊಂಡಳು. ರೇಷನ್ ಕಾರ್ಡು, ಓಟಿನ ಚೀಟಿ ಎರಡೂ ಊರಿನವು. ಆರು ವರ್ಷ ಈ ಊರಿನಲ್ಲಿ ನೀರು ಹೊತ್ತು, ಇಟ್ಟಿಗೆ ಹೊತ್ತು, ಸಂಡಿಗೆ ಹಾಕಿದ ಹೆಂಗಸಿನ ಬಗ್ಗೆ ಬೆಂಗಳೂರು ಏನನ್ನಾದರೂ ಬರೆದಿಟ್ಟುಕೊಂಡಿದ್ದರೆ ಅದು ಈ ಹಳದಿ ಗೆರೆ ಮಾತ್ರ. ಅಮರಪ್ಪನಿಗೆ ತಾರೀಖುಗಳ ಲೆಕ್ಕ ತಿಳಿದಿರಲಿಲ್ಲ, ಗೆರೆಯ ಬೆಲೆ ತಿಳಿದಿತ್ತು.

"ನೀವು 'ಇಲ್ಲ' ಅಂತ ಒತ್ತಿದ್ರ ಏನಾಕ್ಕೈತ್ರಿ?"

"ಗೆರೆ ಹೋಗುತ್ತೆ."

"ಮನಿ?"

"ಮನೆನೂ ಪಟ್ಟಿಯಿಂದ ಹೋಗುತ್ತೆ ಅಮರಪ್ಪ."

"ಇದರ್ದೊಂದು ಫೋಟೋ ತಗದು ಕೊಡ್ರಿ ಹಂಗಾರ."

"ಕೊಡೋ ಹಾಗಿಲ್ಲ. ಗಣತಿದು ಯಾವ್ದೂ ಹೊರಗೆ ಕೊಡೋ ಹಾಗಿಲ್ಲ. ಕಾನೂನು."

ಅಮರಪ್ಪ ಯೋಚಿಸಿದ. "ಹಂಗಾರ ಇವತ್ತೂ ಕೀಲಿ ಹಾಕೇತ್ರಿ ಅಕ್ಕಾರ."

ಶಾಂತಿ ಟೀಚರ್ ಹದಿನೆಂಟು ವರ್ಷದ ನೌಕರಿಯಲ್ಲಿ ಹಾಜರಾತಿ ಪುಸ್ತಕದಲ್ಲಿ ಒಂದೂ ತಪ್ಪು ಗುರುತು ಹಾಕಿದವರಲ್ಲ. ಎರಡನೇ ಸಲ 'ಬೀಗ' ಎಂದು ಒತ್ತಿ, ಮೊಬೈಲನ್ನು ಚೀಲಕ್ಕೆ ಹಾಕಿ, ಈ ಸಲ ಉಪ್ಪಿಟ್ಟಿಗೂ ನಿಲ್ಲದೆ ಹೊರಟರು.

ಇದನ್ನೆಲ್ಲ ಆರನೇ ಮಹಡಿಯಿಂದ ನೋಡಿದ ಶೇಖರಪ್ಪ ಗಡಿಯಾರವನ್ನೂ ನೋಡಿದ್ದರು. ಟೀಚರು ಪಂಪಿನವನ ಜೊತೆ ಇಪ್ಪತ್ತೆರಡು ನಿಮಿಷ ಮಾತಾಡಿದ್ದಾರೆ. ಅಧ್ಯಕ್ಷರ ಜೊತೆ ಒಂದು ನಿಮಿಷವೂ ಇಲ್ಲ. ಅವರು ಲಿಫ್ಟಿಗೆ ಕಾಯದೆ ಇಳಿದು ಬಂದರು.

"ಏನು ಹೇಳ್ದೆಪ್ಪ ಅವ್ರಿಗೆ?"

"ಸಂಡಗಿ ಸುದ್ದಿ ಹೇಳಿದ್ನಿರಿ."

ಶೇಖರಪ್ಪ ಬೆಚ್ಚಿದರು. ನಿಯಮ ಹನ್ನೊಂದು: 'ಬಾಲ್ಕನಿ, ತಾರಸಿ ಹಾಗೂ ಈಜುಕೊಳದ ಆವರಣದಲ್ಲಿ ಬಟ್ಟೆ, ಹಪ್ಪಳ, ಸಂಡಿಗೆ ಇತ್ಯಾದಿಗಳನ್ನು ಒಣಗಲು ಹಾಕತಕ್ಕದ್ದಲ್ಲ.' ಅದು ಅವರ ಕೃತಿಗಳಲ್ಲೇ ಅತ್ಯಂತ ಕಟ್ಟುನಿಟ್ಟಾದದ್ದು. ಸಂಡಿಗೆಯೂ ಆಕಾಶದಿಂದ ಕಂಡಿತೆಂದರೆ! ಅವರು ತಲೆ ಎತ್ತಿ ತಮ್ಮ ಬಾಲ್ಕನಿಯತ್ತ ನೋಡಿದರು. ಅಲ್ಲಿ ನಿಂತಿದ್ದ ಮಹಾದೇವಿ ಆರು ಮಹಡಿಗೂ ಕೇಳಿಸುವಂತೆ ಕೂಗಿದರು.

"ನನ್ನ ಯಾಕ್ ನೋಡ್ತೀರಿ? ನೀವು ನಿಯಮ ಬರೆದ ಮೇಲೆ ನಮ್ಮನೇಲಿ ಅಂಗಡಿ ಸಂಡಿಗೆನೇ ಕರಿಯೋದು!"

ಶನಿವಾರ ಬೆಳಿಗ್ಗೆ ಶಾಂತಿ ಟೀಚರ ಜೊತೆ ಗಣತಿಯ ಮೇಲ್ವಿಚಾರಕರು ಬಂದರು. ವೆಂಕಟರಮಣಪ್ಪ ಹೊಸಕೋಟೆ ಕಡೆಯ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗಣತಿಯ ಕೈಪಿಡಿ. ಅವರ ಕೈಕೆಳಗಿನ ಆರು ಗಣತಿದಾರರ ನಕ್ಷೆಗಳಲ್ಲಿ ಐದು ಪೂರ್ತಿ ಹಸಿರಾಗಿದ್ದವು. ಆರನೆಯದರ ನಡುವೆ ಒಂದೇ ಒಂದು ಹಳದಿ ಚೌಕ ಉಳಿದು, ಮೂರು ದಿನದಿಂದ ಅವರ ನಿದ್ದೆ ಕೆಡಿಸಿತ್ತು.

ಶೇಖರಪ್ಪ ಗೇಟಿನಲ್ಲೇ ಶಾಲು ಹೊದಿಸಿದರು.

"ಎಣಿಸೋಕೆ ಬಂದಿರೋದು ಕಣ್ರೀ ನಾನು, ಮದುವೆಗಲ್ಲ," ಎಂದು ವೆಂಕಟರಮಣಪ್ಪ ಶಾಲನ್ನು ಮಡಿಸಿ ವಾಪಸು ಕೊಟ್ಟರು.

ಶೇಖರಪ್ಪನವರಿಗೆ ಇನ್ನು ತಡೆಯಲಾಗಲಿಲ್ಲ. "ಸಾರ್, ಮುಚ್ಚಿಡೋದಿಲ್ಲ. ಮಕ್ಕಳ ಕೊಳ, ನಾಲ್ಕೇ ಅಡಿ."

"ಮಕ್ಕಳು ಎಷ್ಟು ಜನ?"

"ಯಾವ ಮಕ್ಕಳು ಸಾರ್?"

"ಕೊಳದಲ್ಲಿ ವಾಸ ಇರೋ ಮಕ್ಕಳು."

"ವಾಸ ಇಲ್ಲ ಸಾರ್, ಆಡ್ತಾರೆ."

"ಆಡೋದು ನಮಗೆ ಬೇಡ ಕಣ್ರೀ. ಪುಟ ಮೂವತ್ತೊಂದು ನೋಡಿ. ವಾಸ ಇದ್ರೆ ಮಾತ್ರ ಹೇಳಿ."

ನಾಲ್ಕು ಅಡಿಯ ಪಾಪ ಹೀಗೆ ಪುಟ ಮೂವತ್ತೊಂದರ ಮುಂದೆ ನಿಲ್ಲದೆ ಉದುರಿಹೋಯಿತು. ಶೇಖರಪ್ಪನವರಿಗೆ ಹಗುರಾಗಬೇಕಿತ್ತು. ಅದರ ಬದಲು, ಪಾಸಾಗಬಾರದ ಬೋಲ್ಟೊಂದು ಪಾಸಾದಂತೆ ಎದೆಯಲ್ಲಿ ಏನೋ ಭಾರ ಉಳಿಯಿತು.

ಟಾರ್ಪಾಲು ಸರಿಸಲಾಯಿತು. ವೆಂಕಟರಮಣಪ್ಪ ನೀರನ್ನೂ ಪರದೆಯನ್ನೂ ನೋಡಿ ಅಮರಪ್ಪನತ್ತ ತಿರುಗಿದರು. "ಇದು ನಿನ್ ಮನೆ ಅಂತ ಹೇಳಿದೀಯಂತೆ. ಏನಪ್ಪಾ ಗುರುತು?"

ಅಮರಪ್ಪ ಕೊಳದ ಪಕ್ಕದ ಮೆಟ್ಟಿಲಿಳಿದು ಬೇಸ್‌ಮೆಂಟಿಗೆ ಹೋದ. ಮರಳಿ ಬಂದಾಗ ಕೈಯಲ್ಲಿ ಮಡಿಸಿದ ಒಂದು ಕೆಂಪು ಸೀರೆ ಇತ್ತು. ಕಲ್ಲುಹಾಸಿನ ಮೇಲೆ ಅದನ್ನು ಬಿಡಿಸಿದ. ಬಿಸಿಲಿಗೆ ಬಣ್ಣ ಹೋಗಿ ಸೀರೆ ಇಟ್ಟಿಗೆಪುಡಿಯಂತಾಗಿತ್ತು. ಆದರೆ ಅದರ ಮೇಲೆಲ್ಲ ರೂಪಾಯಿ ನಾಣ್ಯದಷ್ಟಗಲದ ದುಂಡನೆಯ ಗುರುತುಗಳು, ಸಾಲುಸಾಲಾಗಿ, ನೂರಾರು. ಸಂಡಿಗೆ ಅಂಟಿಕೊಂಡಿದ್ದ ಕಡೆ ಬಿಸಿಲು ತಾಗದೆ ಹಳೆಯ ಕೆಂಪು ಹಾಗೆಯೇ ಉಳಿದಿತ್ತು.

ಗಂಡನ ಜೊತೆ ಕೆಳಗೆ ಬಂದಿದ್ದ ಮಹಾದೇವಿ ಬಗ್ಗಿ ಒಂದು ಗುರುತಿನ ಮೇಲೆ ಬೆರಳಿಟ್ಟರು. "ಒಂದೇ ಅಳತೆ ನೋಡ್ರೀ," ಎಂದು ಗಂಡನಿಗೆ ಹೇಳಿದರು. ಶೇಖರಪ್ಪ ನೋಡಿದರು. ಹೆಚ್ಚುಕಡಿಮೆ ಒಂದೇ ಅಳತೆ.

"ಈ ಸಂಡಗಿನ ಇದರಾಗ ಕಾಣಸ್ತಾವ್ರಿ," ಎಂದ ಅಮರಪ್ಪ ಪರದೆ ತೋರಿಸಿ.

"ಕಾಣಲ್ಲಪ್ಪ," ಎಂದರು ಗಣಿತದ ಮೇಷ್ಟ್ರು. "ಇದ್ರಲ್ಲಿ ಒಂದೊಂದು ಚುಕ್ಕಿ ಅಂದ್ರೆ ನೆಲದ ಮೇಲೆ ಅರ್ಧ ಮೀಟರು. ಸೀರೆ ಕಾಣುತ್ತೆ. ಸಂಡಿಗೆ ಕಾಣೋಕೆ ಸಾಧ್ಯವಿಲ್ಲ."

"ನನಗ ಕಾಣಸ್ತಾವ್ರಿ."

ವೆಂಕಟರಮಣಪ್ಪ ಈ ಉತ್ತರಕ್ಕೆ ಕೈಪಿಡಿಯಲ್ಲಿ ಪುಟ ಹುಡುಕಲಿಲ್ಲ. ಬೇರೆ ಏನೋ ಹೊಳೆದು ಕೇಳಿದರು: "ಸೀರೆ ಎಲ್ಲಿಂದ ತಂದೆ?"

"ಮನಿಯಿಂದ್ರಿ."

"ಯಾವ ಮನೆ?"

"ಇಲ್ಲೇ ಕೆಳಗ, ಪಂಪಿನ ರೂಮಿನ್ಯಾಗ್ರಿ."

ಎಲ್ಲರೂ ಶೇಖರಪ್ಪನವರನ್ನು ನೋಡಿದರು. ಶೇಖರಪ್ಪ ಕೊಳವನ್ನು ನೋಡಿದರು.

"ಅದನ್ನ ಆಮೇಲೆ ನೋಡ್ತೀನಿ," ಎಂದರು ವೆಂಕಟರಮಣಪ್ಪ. "ಮೊದಲು ನಲವತ್ತೇಳು. ಸ್ಥಳಕ್ಕೆ ಹೋಗದೆ ಅಳಿಸೋ ಹಾಗಿಲ್ಲ. ಗೋಡೆ ಪಕ್ಕ ನಿಂತ್ರೆ ಮೊಬೈಲು ಸುಳ್ಳು ಹೇಳುತ್ತೆ. ಆಕಾಶ ತೆರೆದಿರೋದು ನೀರಿನೊಳಗೆ ಹೋದ್ರೆ ಮಾತ್ರ." ಹೀಗೆ ಹೇಳಿ ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿ, ಸೊಂಟದ ಮಟ್ಟದ ನೀರಿಗೆ ಇಳಿಯಲು ಸಿದ್ಧರಾದರು.

"ಸಾರ್, ಇಳಿಯೋ ಮುಂಚೆ ಶವರ್..." ಎಂದು ಶೇಖರಪ್ಪನವರ ಬಾಯಿಂದ ನಿಯಮ ಆರು ತಾನಾಗಿ ಬಂದುಬಿಟ್ಟಿತು. ಮಹಾದೇವಿ ಗಂಡನ ತೋಳು ಹಿಡಿದು ಹಿಂಡಿದರು.

ಅಷ್ಟರಲ್ಲಿ ಎರಡೂ ಗೋಪುರಗಳ ಬಾಲ್ಕನಿಗಳು ತುಂಬಿದ್ದವು. ಮಲ್ಲಿಕ್ ಮೇಲಿನಿಂದ ವಿಡಿಯೊ ಮಾಡುತ್ತಿದ್ದ. ಒಬ್ಬ ಮೇಷ್ಟ್ರು ಮೊಬೈಲನ್ನು ತಲೆಯ ಮೇಲೆತ್ತಿ ಹಿಡಿದು ನೀರಿನಲ್ಲಿ ಹೆಜ್ಜೆಯಿಡುತ್ತಿದ್ದರೆ, ಪಕ್ಕದಲ್ಲಿ ತಾನೂ ನೀರಿಗಿಳಿದ ಪಂಪಿನವನು ಕೈ ಚಾಚಿ ದಾರಿ ತೋರಿಸುತ್ತಿದ್ದ. ಯಾರೋ ನಕ್ಕರು. ಇನ್ಯಾರೋ ಸಿಳ್ಳೆ ಹಾಕಿದರು.

"ಇನ್ನೊಂದೆರಡ ಹೆಜ್ಜಿ ಈಚಿಕಡಿ ಬರ್ರಿ ಸಾಹೇಬ್ರ. ಹಾಂ, ಇದು ಬಾಗಲರಿ. ಸಣ್ಣದೈತಿ, ಬಗ್ಗಿ ಬರ್ರಿ."

ವೆಂಕಟರಮಣಪ್ಪ ತಲೆ ಬಗ್ಗಿಸಿ ಒಳಗೆ ಹೋದರು.

ತಾವು ಹಾಗೆ ಮಾಡಿದ್ದು ಅವರ ಗಮನಕ್ಕೆ ಬಂದದ್ದು ಬಾಲ್ಕನಿಗಳಲ್ಲಿ ನಗೆ ನಿಂತ ಮೇಲೆ.

"ಇದು ಒಲಿ," ಎಂದ ಅಮರಪ್ಪ. "ಇಲ್ಲಿ ನೀರಿನ ಕೊಡ. ಇಲ್ಲಿ ಅಕಿ ಮಲಗತಿದ್ಲು. ಗ್ವಾಡಿ ಕಡಿ ನಾನು."

ಮೊಬೈಲು ಸಣ್ಣಗೆ ಸದ್ದು ಮಾಡಿತು. ನೀವು ಕಟ್ಟಡ ಸಂಖ್ಯೆ 47ರಲ್ಲಿದ್ದೀರಿ ಎಂಬ ಅಕ್ಷರ ಮೂಡಿತು. ವೆಂಕಟರಮಣಪ್ಪ ನಿಯಮದಂತೆ ಚಿತ್ರದ ವಿವರ ತೆರೆದು ಗಟ್ಟಿಯಾಗಿ ಓದಿದರು.

"ಚಿತ್ರ ತೆಗೆದ ದಿನ, ಹತ್ತೊಂಬತ್ತು ಮಾರ್ಚ್ ಎರಡು ಸಾವಿರದ ಇಪ್ಪತ್ತೆರಡು. ಶನಿವಾರ. ಬೆಳಿಗ್ಗೆ ಹತ್ತೂವರೆ."

ಅಮರಪ್ಪ ನೀರಿನಿಂದ ಕೈ ತೆಗೆದು ಬೆರಳು ಮಡಿಸತೊಡಗಿದ. ಒಮ್ಮೆ ಮಡಿಸಿದ್ದನ್ನು ಬಿಡಿಸಿ ಮತ್ತೆ ಮೊದಲಿನಿಂದ ಮಡಿಸಿದ.

"ಶಿವರಾತ್ರಿ ಆಗಿ ಎರಡನೇ ಸ್ವಾಮವಾರ್ರಿ," ಎಂದ.

"ಅಂದ್ರೆ ಹದಿನಾಲ್ಕು. ಏನು ಅವತ್ತು?"

"ಅವತ್ತ ಮುಂಜಾನೆ ಸಂಡಗಿ ಹಾಕಿದ್ಲ್ರಿ. ಮಧ್ಯಾಹ್ನ ಎದಿ ಹಿಡಕೊಂಡು ಕುಂತ್ಲು. ಸಂಜಿಕ ಹೋದ್ಲು. ಊರಿಗೆ ಒಯ್ದು ಮಣ್ಣು ಮಾಡಿ ಹೊಳ್ಳಿ ಬರಾಕ ನನಗ ಹನ್ನೆರಡು ದಿನಾ ಆತ್ರಿ. ಸಂಡಗಿ ತಗಿಯಾಕ ಯಾರಿಗೂ ನೆನಪಾಗಿರಲಿಲ್ಲ. ನಾನ ಬಂದು ತಗದೆ."

"ಹತ್ತೊಂಬತ್ತನೇ ತಾರೀಖು ಮನೇಲಿ ಯಾರಿದ್ರು?"

ಪ್ರಶ್ನೆ ಬಾಯಿಂದ ಬಿದ್ದ ಮೇಲೆ ಅದರ ತೂಕ ವೆಂಕಟರಮಣಪ್ಪನವರಿಗೆ ತಿಳಿಯಿತು. ಹಿಂದಕ್ಕೆ ತೆಗೆದುಕೊಳ್ಳುವ ವಿಧಾನ ಯಾವ ಪುಟದಲ್ಲೂ ಇರಲಿಲ್ಲ.

ಅಮರಪ್ಪ ಪರದೆಯ ನೀಲಿ ತಗಡನ್ನು ನೋಡಿದ. ನಾಲ್ಕು ದಿನದಿಂದ ಅದರ ಕೆಳಗೆ, ಬಾಗಿಲಲ್ಲಿ, ಒಬ್ಬಳು ಕುಳಿತು ಕಾಗೆ ಕಾಯುತ್ತಿದ್ದಳು.

"ಯಾರೂ ಇರಲಿಲ್ರಿ," ಎಂದ. "ಕೀಲಿ ಹಾಕಿತ್ತು."

ವೆಂಕಟರಮಣಪ್ಪ ದಡದಲ್ಲಿದ್ದ ಟೀಚರನ್ನು ಕರೆದರು. ತಪ್ಪಿಗೆ ಬೈಸಿಕೊಳ್ಳಲು ಶಾಂತಿ ಟೀಚರ್ ಮೂರು ದಿನದಿಂದ ಸಿದ್ಧರಾಗಿದ್ದರು.

"ನೀನು ಎರಡು ಸಲ ಬರೆದಿದ್ದೂ ಸರಿಯಿದೆ ಕಣಮ್ಮಾ. ಚಿತ್ರ ತೆಗೆದ ದಿನ ಮನೆಗೆ ಬೀಗ ಇತ್ತು." ಆಮೇಲೆ ದನಿ ತಗ್ಗಿಸಿದರು. "ಆದ್ರೆ ಅಮರಪ್ಪ, ಇವತ್ತಿನ ಲೆಕ್ಕ ಇವತ್ತು ಬರೀಬೇಕು. ಇದು ಇಲ್ಲ ಅಂತ ಒತ್ಬೇಕು ನಾನು."

"ಮತ್ತ ಯಾವಾಗ ಫೋಟೋ ತಗೀತಾರ್ರಿ?"

"ನಮಗೆ ಹೇಳಿ ತೆಗೆಯಲ್ಲಪ್ಪ. ಮೋಡ ಇಲ್ಲದ ದಿನ ಯಾವತ್ತಾದ್ರೂ. ಹೊತ್ತು ಮಾತ್ರ ಅದೇ, ಬೆಳಿಗ್ಗೆ ಹತ್ತೂವರೆ ಸುಮಾರು. ತರಬೇತೀಲಿ ಹೇಳಿದ್ರು."

ಅಮರಪ್ಪ ತಲೆಯಾಡಿಸಿದ. "ಒತ್ರಿ ಸಾಹೇಬ್ರ. ಖಾಲಿ ಮನಿ ಇಟ್ಕೊಂಡು ಏನ್ ಮಾಡೂದೈತಿ."

ವೆಂಕಟರಮಣಪ್ಪ ಒತ್ತಿದರು. ಹಳದಿ ಗೆರೆ ಹೋಯಿತು. ನಕ್ಷೆ ಪೂರ್ತಿ ಹಸಿರಾಗಿ, ಬಾಕಿ ಸೊನ್ನೆ, ಧನ್ಯವಾದಗಳು ಎಂದಿತು. ಹೊರಗೆ ಬರುವಾಗ ಮೇಷ್ಟ್ರು ಮತ್ತೆ ಅದೇ ಜಾಗದಲ್ಲಿ ತಲೆ ಬಗ್ಗಿಸಿದರು.

ಬಾಕಿ ಸೊನ್ನೆ ಎಂಬುದು ನಿಜವಾಗಿರಲಿಲ್ಲ. ಉಪಗ್ರಹ ಎಲ್ಲವನ್ನೂ ನೋಡುತ್ತದೆ, ನೆಲದ ಕೆಳಗಿನದನ್ನು ಬಿಟ್ಟು. ಇಲ್ಲದ ಮನೆಗೆ ಮೂರು ಸಲ ಬಂದ ಗಣತಿ, ಇರುವ ಮನೆಯ ಮೆಟ್ಟಿಲನ್ನು ಅವತ್ತು ಮೊದಲ ಸಲ ಇಳಿಯಿತು. ಪಂಪುಗಳ ನಡುವೆ ಒಂದು ಚಾಪೆ, ಒಂದು ಸ್ಟವ್, ಹಗ್ಗದ ಮೇಲೆ ಎರಡು ಅಂಗಿ.

"ಮಂಗಳವಾರ ಇಲ್ಲಿ ಯಾರೂ ವಾಸ ಇಲ್ಲ ಅಂದಿದ್ರಿ ಸಾರ್," ಎಂದರು ಶಾಂತಿ ಟೀಚರ್.

ಶೇಖರಪ್ಪ ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತನ್ನು ಹೇಳಿದರು. "ಅಳತೆ ತಪ್ಪಿತ್ತು ಮೇಡಂ. ಇದ್ದಾನೆ, ಬರ್ಕೊಳ್ರಿ."

"ಚಾವಣಿ ಯಾವುದರದ್ದು ಅಮರಪ್ಪ?"

"ಕಾಂಕ್ರೀಟ್ರಿ. ಮ್ಯಾಲ ನೀರು."

"ವಾಸ ಇರೋರು ಎಷ್ಟು ಜನ?"

"ಇಬ್ಬ..." ಎಂದವನು ನಿಲ್ಲಿಸಿದ. "ಒಬ್ಬನರಿ."

"ದಂಪತಿಗಳು?" ಎಂದು ಓದಿದ ಟೀಚರ್ ಉತ್ತರಕ್ಕೆ ಕಾಯದೆ ಸೊನ್ನೆ ಹಾಕಿದರು. "ಮುಖ್ಯವಾಗಿ ತಿನ್ನೋ ಧಾನ್ಯ?"

"ಜ್ವಾಳರಿ."

ವೆಂಕಟರಮಣಪ್ಪ ಪಂಪಿನ ರೂಮಿನ ಬಾಗಿಲ ಮೇಲೆ ಹೊಸ ಸಂಖ್ಯೆ ಬರೆದರು. ನಲವತ್ತೇಳನ್ನೇ ಹಾಕ್ರಿ ಎಂದು ಅಮರಪ್ಪ ಕೇಳಿದ. ಅಳಿಸಿದ ಸಂಖ್ಯೆಯನ್ನು ಇನ್ನೊಂದು ಮನೆಗೆ ಕೊಡುವಂತಿಲ್ಲ, ಪುಟ ಐವತ್ತು, ಎಂದು ಹೇಳುವಾಗ ಮೇಷ್ಟ್ರು ಅವನ ಮುಖ ನೋಡಲಿಲ್ಲ. ಒದ್ದೆ ಪ್ಯಾಂಟಿನಲ್ಲೇ ಬಸ್ಸು ಹತ್ತಿ ಹೋದರು.

ಹತ್ತು ದಿನಗಳ ನಂತರ ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಮಲ್ಲಿಕ್ ಒಂದು ದೂರು ಹಾಕಿದ. ಜೊತೆಗೆ ಮೇಲಿನಿಂದ ತೆಗೆದ ಫೋಟೋ. ಪಂಪ್ ಆಪರೇಟರ್ ದಿನಾ ಬೆಳಿಗ್ಗೆ ಹತ್ತೂಕಾಲಿಗೆ ಈಜುಕೊಳದ ಪಕ್ಕದ ಕಲ್ಲುಹಾಸಿನ ಮೇಲೆ ಹಳೇ ಕೆಂಪು ಸೀರೆ ಹಾಸ್ತಾನೆ, ಹನ್ನೊಂದಕ್ಕೆ ತೆಗೀತಾನೆ, ಮೋಡ ಇದ್ದ ದಿನ ಹಾಸಲ್ಲ, ಇದು ನಿಯಮ ಹನ್ನೊಂದರ ಉಲ್ಲಂಘನೆ ಅಲ್ವಾ ಅಂಕಲ್?

ನಿಯಮ ಹನ್ನೊಂದರ ಕರ್ತೃ ಅವತ್ತು ಬೆಳಿಗ್ಗೆ ಕೆಳಗಿಳಿದು ಹೋದದ್ದನ್ನು, ಬಗ್ಗಿ ಸೀರೆಯನ್ನು ಮುಟ್ಟಿದ್ದನ್ನು, ಆಮೇಲೆ ಅಮರಪ್ಪನ ಪಕ್ಕದಲ್ಲಿ ಕೈಕಟ್ಟಿ ನಿಂತು ಸ್ವಲ್ಪ ಹೊತ್ತು ಆಕಾಶ ನೋಡಿದ್ದನ್ನು ಮಹಾದೇವಿ ಆರನೇ ಮಹಡಿಯಿಂದ ಕಂಡಿದ್ದರು. ಅಧ್ಯಕ್ಷರ ಉತ್ತರ ಹತ್ತೂ ಐವತ್ತೆರಡಕ್ಕೆ ಬಂತು.

'ಒಣಗಲು ಹಾಕಿದ್ದಲ್ಲ. ಸೀರೆ ಒದ್ದೆ ಇಲ್ಲ. ಖುದ್ದು ಪರಿಶೀಲಿಸಿದ್ದೇನೆ.'